ಅಮೂರ್ತ ಮರಶಿಲ್ಪ: ಮೊದಲ ಪ್ರದರ್ಶನಕ್ಕೆ ಹೋಗುವ ಮುನ್ನ

ಯುವ ಕಲಾವಿದರೊಬ್ಬರ ಮೊದಲ ಏಕವ್ಯಕ್ತಿ ಪ್ರದರ್ಶನದ ಆಮಂತ್ರಣ ಪತ್ರಿಕೆ ಬಂದಾಗ ನಮ್ಮಲ್ಲಿ ಹಲವರು ಉದ್ಘಾಟನೆಗೆ ತಪ್ಪದೆ ಹೋಗುತ್ತೇವೆ. ದೀಪ ಬೆಳಗುತ್ತದೆ, ಅತಿಥಿಗಳು ಮಾತನಾಡುತ್ತಾರೆ, ಶಾಲು ಹೊದಿಸಲಾಗುತ್ತದೆ, ಚಹಾ ವಿತರಣೆಯಾಗುತ್ತದೆ. ಇಷ್ಟು ಹೊತ್ತೂ ಪ್ರದರ್ಶನಕ್ಕಿಟ್ಟ ಕೃತಿಗಳು ನಮ್ಮ ಬೆನ್ನ ಹಿಂದೆ ನಿಂತಿರುತ್ತವೆ. ಕೊನೆಗೆ ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕುವಾಗ, ಕಣ್ಣು ಮೂಗು ಇಲ್ಲದ, ಪ್ರಾಣಿಯೂ ಅಲ್ಲದ, ಹೂವೂ ಅಲ್ಲದ ಮರದ ಆಕೃತಿಯೊಂದರ ಮುಂದೆ ನಿಂತು ನಾವು ಕೇಳುವ ಪ್ರಶ್ನೆ ಒಂದೇ: "ಇದು ಏನು?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಎರಡು ಮೂರು ವರ್ಷ ಉಳಿ ಹಿಡಿದು ದುಡಿದ ಹುಡುಗನೋ ಹುಡುಗಿಯೋ ಆ ಒಂದೇ ಸಂಜೆ ಈ ಪ್ರಶ್ನೆಗೆ ಹತ್ತಾರು ಬಾರಿ ಉತ್ತರಿಸಬೇಕಾಗುತ್ತದೆ. ಮರುದಿನದಿಂದ ಸಭಾಂಗಣ ಬಣಬಣ. ಹೀಗೆ ಕಳೆದ ಒಂದು ವಾರದ ನಂತರ ಆ ಯುವಕ ಮತ್ತೆ ಉಳಿ ಹಿಡಿಯುವನೇ, ಇಲ್ಲ ಮಾಡ್ಯುಲರ್ ಅಡುಗೆಮನೆ ಕಪಾಟಿನ ಕೆಲಸಕ್ಕೆ ಸೇರುವನೇ ಎಂಬುದು ಬಹಳ ಸಲ ನೋಡಲು ಬಂದವರ ಕೈಯಲ್ಲೇ ಇರುತ್ತದೆ. ಆದ್ದರಿಂದ ಅಮೂರ್ತ ಶಿಲ್ಪ ಎಂದರೇನು, ಮರ ಎಂಬ ವಸ್ತು ಶಿಲ್ಪಿಗೆ ಒಡ್ಡುವ ಸವಾಲುಗಳೇನು, ಮೊದಲ ಪ್ರದರ್ಶನದ ಹಿಂದೆ ಎಂಥ ಭಾರವಿದೆ ಎಂಬುದನ್ನು ನಮ್ಮ ಓದುಗರಿಗೆ ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ಬಡಿಗರ ಅಂಗಳದಲ್ಲಿ

ಕರಾವಳಿಯ ಓದುಗರಿಗೆ ಕೊಕಟನೂರ ಎಂಬ ಹೆಸರು ಅಷ್ಟು ಪರಿಚಿತವಲ್ಲ. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನಲ್ಲಿರುವ ಈ ಊರಿನ ಯಲ್ಲಮ್ಮನ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ ಕಡೆಗಳಿಂದ ಜನ ಸೇರುತ್ತಾರೆ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂಬ ಈ ಗಡಿಸೀಮೆ ಕಬ್ಬು, ಜೋಳ, ತಂಬಾಕಿನ ನಾಡು. ಜೊತೆಗೆ ಕೈಕಸುಬಿನ ನಾಡೂ ಹೌದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇದ್ದವು. ಹೆಸರು ಕೊಲ್ಹಾಪುರದ್ದಾದರೂ ಅಥಣಿಯ ಚರ್ಮಕಾರರ ಕೈ ಅದರಲ್ಲಿ ಬಹಳ ಹಿಂದಿನಿಂದಲೂ ಇದೆ.

ಅಮೂರ್ತ ಶಿಲ್ಪದ ಬಗ್ಗೆ ಬರೆಯಲು ಹೊರಟು ಇಂಥ ಊರಿಗೆ ಏಕೆ ಬಂದೆವು? ಕಾರಣವಿದೆ. ಅಮೂರ್ತ ಕಲೆ ಎಂದರೆ ಮಹಾನಗರದ್ದು, ವಿದೇಶದ್ದು, ಓದಿಕೊಂಡವರದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಸೀಮೆಯ ಯಾವುದಾದರೂ ಹಳ್ಳಿಯ ಬಡಿಗೇರ ಮನೆಯ ಅಂಗಳವನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ಗೋಡೆಗೆ ಒರಗಿಸಿದ ನೊಗ. ಪಕ್ಕದಲ್ಲಿ ಕೂರಿಗೆ. ಹೊರಗೆ ಬಿದ್ದಿರುವ, ಗಾಲಿಯ ನಡುವಿನ ಹಳೆಯ ಗುಂಬ. ನೊಗದ ಬಾಗು ಯಾವ ವಸ್ತುವಿನ ಚಿತ್ರವೂ ಅಲ್ಲ. ಎತ್ತಿನ ಹೆಗಲಿನ ಏರು, ಎಳೆತದ ದಿಕ್ಕು, ಮರದ ಎಳೆ ಸಾಗುವ ರೀತಿ ಇವು ಮೂರೂ ಸೇರಿ ಆ ಬಾಗನ್ನು ನಿರ್ಧರಿಸಿವೆ. ಗುಂಬವಂತೂ ತುಂಬಿದ ಹೊಟ್ಟೆಯ, ಸುತ್ತಲೂ ತೂತುಗಳಿರುವ ಒಂದು ಜಾಲಿಯ ತುಂಡು. ಅದನ್ನು ಬಿಳಿ ಪೀಠದ ಮೇಲಿಟ್ಟು ಮೇಲಿನಿಂದ ಬೆಳಕು ಬಿಟ್ಟರೆ ಮುಂಬೈಯ ಗ್ಯಾಲರಿಯಲ್ಲಿ ಯಾರೂ ಅದನ್ನು ಬಂಡಿಯ ಭಾಗ ಎನ್ನಲಾರರು.

ನೊಗವೇ ಶಿಲ್ಪ ಎಂದು ನಾವು ಹೇಳುತ್ತಿಲ್ಲ. ನೊಗ ನೊಗವೇ, ಅದಕ್ಕೆ ಹೊಲದಲ್ಲಿ ಕೆಲಸವಿದೆ. ಆದರೆ ಯಾವುದನ್ನೂ ಹೋಲದ ಆಕೃತಿಯೊಂದು ಸರಿಯಾಗಿದೆಯೋ ಇಲ್ಲವೋ ಎಂದು ಕಣ್ಣಿನಿಂದಲೂ ಅಂಗೈಯಿಂದಲೂ ಅಳೆಯುವ ಬುದ್ಧಿ ಆ ಅಂಗಳದಲ್ಲಿ ತಲೆಮಾರುಗಳಿಂದ ಇದೆ. ಅಂಥ ಮನೆಯ ಮಗುವೊಂದು ಕಲಾಶಾಲೆ ಸೇರಿ ಅಮೂರ್ತ ಶಿಲ್ಪಕ್ಕೆ ಕೈಹಾಕಿದರೆ ಅದು ಪರದೇಶದ ಅನುಕರಣೆಯೇ ಆಗಿರಬೇಕಿಲ್ಲ.

ಈಗ ಆ ಅಂಗಳದ ಕೆಲಸ ಕಡಿಮೆಯಾಗಿದೆ. ಕಬ್ಬು ಸಾಗಿಸಲು ಟ್ರ್ಯಾಕ್ಟರು, ಎರಡೆರಡು ಟ್ರೇಲರು. ಎತ್ತಿನ ಬಂಡಿ ಉಳಿದಿರುವಲ್ಲೂ ಅದಕ್ಕೆ ಕಬ್ಬಿಣದ ಚೌಕಟ್ಟು, ರಬ್ಬರ್ ಟೈರು ಬಂದಿದೆ. ಬಿತ್ತನೆಗೆ ಯಂತ್ರ. ಬಡಿಗರ ಮಕ್ಕಳು ಬಾಗಿಲು ಕಿಟಕಿ, ಪ್ಲೈವುಡ್ ಕಪಾಟು ಮಾಡುತ್ತಾರೆ, ಇಲ್ಲವೇ ಬೇರೆ ಉದ್ಯೋಗ ಹಿಡಿಯುತ್ತಾರೆ. ಬಾಚಿ, ಉಳಿ, ಕೊಡತಿ, ಉಜ್ಜುಗೊರಡು ಇವುಗಳ ಬಳಕೆ ತಿಳಿದ ಕೈಗಳಿಗೆ ಹೊಸ ಕೆಲಸ ಹುಡುಕಿಕೊಡುವ ದಾರಿಗಳಲ್ಲಿ ಶಿಲ್ಪಕಲೆ ಒಂದು. ದಾವಣಗೆರೆಯಲ್ಲಿ 1964ರಿಂದ ನಡೆಯುತ್ತಿರುವ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆಲ್ಲ ಹಳ್ಳಿಯ ಮಕ್ಕಳಿಗೂ ತೆರೆದಿವೆ. ಕಷ್ಟ ಇರುವುದು ಪದವಿ ಮುಗಿದ ಮೇಲೆ.

ಮರದ ಸ್ವಭಾವ

ಕಲ್ಲು, ಕಂಚು, ಮಣ್ಣು ಇವುಗಳಿಗಿಲ್ಲದ ಒಂದು ಗುಣ ಮರಕ್ಕಿದೆ. ಕಡಿದ ಮೇಲೂ ಅದು ಅಲುಗಾಡುತ್ತಲೇ ಇರುತ್ತದೆ. ಹಸಿ ಮರ ಒಣಗುವಾಗ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ತೀರಾ ಅಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಬೆಳವಣಿಗೆಯ ಉಂಗುರಗಳ ಸುತ್ತಿನಲ್ಲಿ ಕುಗ್ಗುವುದು ಸುಮಾರು ಎರಡರಷ್ಟು. ಈ ಅಸಮಾನತೆಯಿಂದಲೇ ಇಡಿಯ ದಿಮ್ಮಿ ತಿರುಳಿನಿಂದ ಹೊರಕ್ಕೆ ಸೀಳುವುದು. ದಪ್ಪದ ಒಂದು ಅಂಗುಲಕ್ಕೆ ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸಬೇಕು ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಕಡಿದ ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿಯುವುದು ತುದಿಯಿಂದ ನೀರು ಬೇಗ ಆರದಿರಲಿ ಎಂದು. ಈ ಲೆಕ್ಕದಲ್ಲಿ ಎಂಟು ಅಂಗುಲದ ದಿಮ್ಮಿಗೆ ಎಂಟು ವರ್ಷ ಬೇಕು. ಇಪ್ಪತ್ತೈದರ ಹರೆಯದ ಕಲಾವಿದ ಅಷ್ಟು ಕಾಯುವುದೆಲ್ಲಿ?

ಆದ್ದರಿಂದ ಯುವ ಶಿಲ್ಪಿಗಳು ಹೆಚ್ಚಾಗಿ ಈಗಾಗಲೇ ಒಣಗಿದ ಮರವನ್ನು ಹುಡುಕುತ್ತಾರೆ: ಕೆಡವಿದ ಮನೆಯ ತೊಲೆ, ಕಂಬ, ಹಳೆಯ ಹೊಸ್ತಿಲು, ಸಾಮಿಲ್ಲಿನ ಉಳಿಕೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿಯ ಪ್ರಶ್ನೆ ಬರುತ್ತದೆ. ತೇಗ, ಬೀಟೆ, ಶ್ರೀಗಂಧಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಕೆಡವಿದ ಮನೆಯ ತೊಲೆಯನ್ನು ಖರೀದಿಸಿದಾಗ ರಸೀದಿ ಇಟ್ಟುಕೊಳ್ಳುವುದು ಜಾಣತನ.

ಹವಾಮಾನದ ಪ್ರಶ್ನೆ ಕರಾವಳಿಯವರಾದ ನಮಗೆ ವಿಶೇಷವಾಗಿ ಅರ್ಥವಾಗಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಥಣಿ ಸೀಮೆಯಲ್ಲಿ ಅದರ ಐದರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಅಲ್ಲಿಯ ಒಣ ಗಾಳಿಯಲ್ಲಿ ಹದಗೊಂಡು ಬಿಗಿಯಾಗಿ ಕೂಡಿದ ಎರಡು ತುಂಡುಗಳು ನಮ್ಮ ಜುಲೈ ತಿಂಗಳಲ್ಲಿ ಉಬ್ಬಿ ಬೆಸುಗೆ ಬಿಡಬಹುದು. ಇಲ್ಲಿ ಕೆತ್ತಿದ ಹಲಸಿನ ಶಿಲ್ಪ ಅಲ್ಲಿಯ ಏಪ್ರಿಲ್ ಬಿಸಿಲಿಗೆ 'ಟಪ್' ಎಂದು ಸೀಳಬಹುದು. ಮರದ ಶಿಲ್ಪದಲ್ಲಿ ಬಿರುಕು ಕಂಡ ಕೂಡಲೇ 'ಕೆಲಸ ಸರಿಯಿಲ್ಲ' ಎನ್ನುವ ಮೊದಲು ಇದನ್ನು ನೆನಪಿಡಬೇಕು. ಬಿರುಕು ಬರುವ ಜಾಗವನ್ನು ಮೊದಲೇ ಊಹಿಸಿ ಅದನ್ನೇ ಆಕೃತಿಯ ಒಂದು ಗೆರೆಯನ್ನಾಗಿ ಮಾಡಿಕೊಳ್ಳುವ ಶಿಲ್ಪಿಗಳಿದ್ದಾರೆ.

ಹಳೆಯ ಇಗರ್ಜಿಗಳ ಮರದ ಪ್ರತಿಮೆಗಳನ್ನು ನೋಡಿಕೊಳ್ಳುವ ನಮ್ಮ ಸೇವಕರಿಗೆ ಇದರ ಇನ್ನೊಂದು ರೂಪ ಗೊತ್ತಿರಬಹುದು. ಕೆಲವು ಪ್ರತಿಮೆಗಳ ಬೆನ್ನು ಟೊಳ್ಳಾಗಿರುತ್ತದೆ. ಅದು ಜಿಪುಣತನವಲ್ಲ. ಜರ್ಮನಿಯ ಟಿಲ್‌ಮನ್ ರೀಮೆನ್‌ಶ್ನೈಡರ್, ಸುಮಾರು 1460ರಿಂದ 1531ರವರೆಗೆ ಬಾಳಿದ ಮಹಾನ್ ಶಿಲ್ಪಿ, ಮತ್ತು ಅವರ ಕಾಲದ ಇತರರು ಲಿಂಡೆನ್ ಮರದ ದಿಮ್ಮಿಯನ್ನು ಹಿಂದಿನಿಂದ ಕೊರೆದು ತಿರುಳನ್ನು ತೆಗೆಯುತ್ತಿದ್ದರು. ತಿರುಳು ಹೋದರೆ ಸೀಳುವಿಕೆ ಕಡಿಮೆ. ರೋಥೆನ್‌ಬರ್ಗ್ ಪಟ್ಟಣದ ಇಗರ್ಜಿಗೆ 16ನೇ ಶತಮಾನದ ಆರಂಭದಲ್ಲಿ ಅವರು ಮಾಡಿಕೊಟ್ಟ ಪೀಠದ ಶಿಲ್ಪಗಳಿಗೆ ಬಣ್ಣವನ್ನೂ ಬಳಿಯಲಿಲ್ಲ. ಮರ ಮರವಾಗಿಯೇ ಕಾಣುತ್ತದೆ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ನಮ್ಮ ಕರಾವಳಿಗೂ ಮರಶಿಲ್ಪ ಹೊಸತಲ್ಲ. ಉಡುಪಿ ಜಿಲ್ಲೆಯ ಶಿರಿಯಾರದ ಬಳಿ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ದೊಡ್ಡ ದೊಡ್ಡ ಭೂತ ಶಿಲ್ಪಗಳು ಪ್ರಸಿದ್ಧ. ಅಲ್ಲಿಯ ಹಳೆಯ ಶಿಲ್ಪಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಘಟ್ಟದ ಮೇಲೆ ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ, ಬಯಲಿನಲ್ಲಿ ಕಿನ್ನಾಳ ಮತ್ತು ಚನ್ನಪಟ್ಟಣದ ಗೊಂಬೆಗಳು. ಇವೆಲ್ಲ ಆಕಾರವುಳ್ಳ ಶಿಲ್ಪಗಳು. ಇವುಗಳನ್ನು ಕಂಡು ಬೆಳೆದ ಕಣ್ಣಿಗೆ ಅಮೂರ್ತ ಶಿಲ್ಪ ತಬ್ಬಿಬ್ಬು ತರುವುದು ಸಹಜ.

ಅಮೂರ್ತ ಎಂದರೆ ಅರ್ಥವಿಲ್ಲದ್ದಲ್ಲ

ಅಮೂರ್ತ ಶಿಲ್ಪದಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಶಿಲ್ಪಿ ಕಂಡ ವಸ್ತುವೊಂದರಿಂದ ಹೊರಟು, ಬೇಡವಾದದ್ದನ್ನು ಒಂದೊಂದಾಗಿ ಕಳಚುತ್ತಾ ಹೋಗುತ್ತಾನೆ. ಹಕ್ಕಿಯ ಗರಿ, ಕಾಲು, ಕೊಕ್ಕು ಎಲ್ಲ ಹೋಗಿ ಕೊನೆಗೆ ಉಳಿಯುವುದು ಏರುವಿಕೆ ಮಾತ್ರ. ಎರಡನೆಯದರಲ್ಲಿ ಹೊರಡುವಾಗಲೇ ಯಾವ ವಸ್ತುವೂ ಇಲ್ಲ. ಭಾರ, ಸಮತೋಲ, ಟೊಳ್ಳು, ಗಟ್ಟಿ, ಒರಟು, ನುಣುಪು ಇವುಗಳ ಸಂಬಂಧವೇ ವಿಷಯ. ಈ ಎರಡನೆಯದು ಕಷ್ಟವೆನಿಸಿದರೆ ಸಂಗೀತದ ಆಲಾಪವನ್ನು ನೆನೆಯಿರಿ. ಬೆಳಗಾವಿಯ ಹತ್ತಿರದ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಆಲಾಪ ಹಾಡುವಾಗ 'ಇದು ಯಾವುದರ ಚಿತ್ರ?' ಎಂದು ಯಾರೂ ಕೇಳಲಿಲ್ಲ. ಆ ನಾಡಿನ ಓದು ಬಾರದ ರೈತನೂ ರಾತ್ರಿಯಿಡೀ ಕೂತು ಕೇಳಿದ. ಇನ್ನು ನಾವು ದಿನವೂ ನೋಡುವ ಶಿಲುಬೆ? ಪ್ರತಿಮೆಯಿಲ್ಲದ ಬರಿಯ ಶಿಲುಬೆ ಎಂದರೆ ಅಡ್ಡವಾಗಿ ಸೇರಿಸಿದ ಎರಡು ಮರದ ತುಂಡುಗಳು ಮಾತ್ರ. ಅದರ ಮುಂದೆ ನಿಂತು ಯಾರೂ ಗೊಂದಲಗೊಳ್ಳುವುದಿಲ್ಲ.

ಈ ದಾರಿಯನ್ನು ಮೊದಲು ಸವೆಸಿದವರಲ್ಲಿ ಒಬ್ಬ ಹಳ್ಳಿಯ ಹುಡುಗನ ಕಥೆಯನ್ನು ಇಲ್ಲಿ ಹೇಳಲೇಬೇಕು. ಕಾನ್‌ಸ್ಟಾಂಟಿನ್ ಬ್ರಾಂಕೂಸಿ 1876ರಲ್ಲಿ ರೊಮೇನಿಯಾದ ಹೊಬಿತ್ಸಾ ಎಂಬ ಹಳ್ಳಿಯಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ಆ ಸೀಮೆಯ ಮನೆಗಳ ಕಂಬ, ಬಾಗಿಲು, ಚಮಚ ಎಲ್ಲದರಲ್ಲೂ ಮರದ ಕೆತ್ತನೆ. ಕ್ರಾಯೋವಾ ಪಟ್ಟಣದ ಕಸುಬಿನ ಶಾಲೆಯಲ್ಲಿ ಮರಗೆಲಸ ಕಲಿತು, ಬುಕಾರೆಸ್ಟಿನಲ್ಲಿ ಶಿಲ್ಪ ಓದಿ, 1904ರಲ್ಲಿ ಬಹುಪಾಲು ಕಾಲ್ನಡಿಗೆಯಲ್ಲೇ ಪ್ಯಾರಿಸ್ ತಲಪಿದರು. ಮಹಾಶಿಲ್ಪಿ ರೋಡಿನ್ ಅವರ ಕಾರ್ಯಾಗಾರದಲ್ಲಿ ಸ್ವಲ್ಪ ಕಾಲ ಮಾತ್ರ ಇದ್ದು ಹೊರಬಂದರು. ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಬೆಳೆಯದು ಎಂಬುದು ಅವರ ಕಾರಣ.

ಬ್ರಾಂಕೂಸಿಯವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1914ರ ಮಾರ್ಚ್ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ನಡೆಸುತ್ತಿದ್ದ ಪುಟ್ಟ ಗ್ಯಾಲರಿಯಲ್ಲಿ. ಆಗ ಅವರಿಗೆ 38 ವರ್ಷ. ಅಲ್ಲಿ 'ಮೊದಲ ಹೆಜ್ಜೆ' ಎಂಬ ಮರದ ಶಿಲ್ಪವೂ ಇತ್ತು. ನಂತರ ಅವರೇ ಅದನ್ನು ನಾಶಪಡಿಸಿ ತಲೆಯನ್ನು ಮಾತ್ರ ಉಳಿಸಿಕೊಂಡರು. ಸುಮಾರು 1915ರಲ್ಲಿ ಓಕ್ ಮರದಲ್ಲಿ ಕೆತ್ತಿದ ಸಣ್ಣ ಶಿಲ್ಪವೊಂದು ಈಗ ಅಮೆರಿಕದ ಫಿಲಡೆಲ್ಫಿಯಾ ಸಂಗ್ರಹಾಲಯದಲ್ಲಿದೆ. ಅದರ ಹೆಸರು ನಮ್ಮ ಓದುಗರಿಗೆ ಚಿರಪರಿಚಿತ: 'ದುಂದುಗಾರ ಮಗ'. ಆದರೆ ಅದರಲ್ಲಿ ತಂದೆಯಿಲ್ಲ, ಹೊಸ ಅಂಗಿಯಿಲ್ಲ, ಉಂಗುರವಿಲ್ಲ, ಮಗನ ಮುಖವೂ ಇಲ್ಲ. ಕೋನಕೋನವಾಗಿ ಕತ್ತರಿಸಿದ ಮರದ ತುಂಡಿನಲ್ಲಿ ಮಂಡಿಯೂರಿ ಬಾಗಿದ ದೇಹದ ಸುಳಿವಷ್ಟೇ ಇದೆ. ಸಾಮತಿಯನ್ನು ಬಲ್ಲವರಿಗೆ ಆ ಬಾಗು ಸಾಕು. ಬಲ್ಲದವರಿಗೂ ಭಾರ ಹೊತ್ತು ಕುಸಿದ ಏನೋ ಒಂದು ಅಲ್ಲಿದೆ ಎಂದು ತಿಳಿಯುತ್ತದೆ.

'ಇದು ಏನು?' ಎಂಬ ನಮ್ಮ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 1926ರಲ್ಲಿ ಬ್ರಾಂಕೂಸಿಯವರ 'ಆಕಾಶದಲ್ಲಿ ಹಕ್ಕಿ' ಎಂಬ ಕಂಚಿನ ಶಿಲ್ಪ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಾಗ ಸುಂಕದ ಅಧಿಕಾರಿಗಳು ಅದನ್ನು ಕಲಾಕೃತಿ ಎಂದು ಒಪ್ಪಲಿಲ್ಲ. ಕಲಾಕೃತಿಗೆ ಸುಂಕವಿಲ್ಲ, ಲೋಹದ ಸಾಮಾನಿಗೆ ನೂರಕ್ಕೆ 40. ಅಡುಗೆಮನೆ ಹಾಗೂ ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಅದನ್ನು ಸೇರಿಸಿದರು. ಶಿಲ್ಪಿ ದಾವೆ ಹೂಡಿದರು. ಇದನ್ನು ಕಾಡಿನಲ್ಲಿ ಕಂಡಿದ್ದರೆ ಹಕ್ಕಿಯೆಂದು ಗುಂಡು ಹಾರಿಸುತ್ತಿದ್ದಿರಾ ಎಂದು ಸಾಕ್ಷಿಯೊಬ್ಬರನ್ನು ಕೇಳಲಾಯಿತು. 1928ರ ನವೆಂಬರಿನಲ್ಲಿ ತೀರ್ಪು ಶಿಲ್ಪಿಯ ಪರವಾಗಿ ಬಂತು. ಹಕ್ಕಿಯನ್ನು ಹೋಲದಿದ್ದರೂ ಅದು ಶಿಲ್ಪಿಯ ಮೂಲ ಕೃತಿ, ನೋಡಲು ಸುಂದರ, ಅಲಂಕಾರದ ಹೊರತು ಬೇರೆ ಉಪಯೋಗವಿಲ್ಲ, ಆದ್ದರಿಂದ ಕಲೆ ಎಂದು ನ್ಯಾಯಾಲಯ ಒಪ್ಪಿತು.

ಈ ಹಳ್ಳಿಗನಿಗೆ ಭಾರತದ ನಂಟೂ ಇತ್ತು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರು ಬ್ರಾಂಕೂಸಿಯವರ ಮೂರು ಹಕ್ಕಿಗಳನ್ನು ಕೊಂಡರು, ಅವುಗಳಿಗಾಗಿ ಒಂದು ಧ್ಯಾನಮಂದಿರ ಕಟ್ಟಿಸುವ ಯೋಚನೆಯನ್ನೂ ಮಾಡಿದರು. ಶಿಲ್ಪಿ 1937ರ ಕೊನೆಗೆ ಇಂದೋರಿಗೆ ಬಂದರು. ಮಂದಿರ ಮಾತ್ರ ಮೇಲೇಳಲಿಲ್ಲ. ಆ ಮಂದಿರದ ಕಲ್ಪನೆಯೊಂದಿಗೆ ಹೆಸರು ಬೆಸೆದುಕೊಂಡ, ಸುಮಾರು ಮೂರು ಮೀಟರ್ ಎತ್ತರದ 'ರಾಜರ ರಾಜ' ಎಂಬ ಓಕ್ ಮರದ ಶಿಲ್ಪ ಇಂದು ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿದೆ. ತಿರುಚಿದ ಕಂಬ, ಹಲ್ಲುಹಲ್ಲಾದ ತುಂಡು, ಮೇಲೊಂದು ಕಿರೀಟದಂಥ ಆಕಾರ. ಗಾಣದ ಬುಡವನ್ನೋ ಬಂಡಿಯ ತಿರುಗಣಿಯನ್ನೋ ಕಂಡ ನಮ್ಮ ಬಡಿಗರಿಗೆ ಅದರ ಗುರುತು ಸಿಕ್ಕೀತು.

ಸಮುದ್ರದ ಬಳಿ ಬದುಕುವ ನಮಗೆ ಹತ್ತಿರವಾಗುವ ಇನ್ನೊಂದು ಕೃತಿ ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ ಅವರ 'ಪೆಲಗೋಸ್'. ಗ್ರೀಕ್ ಭಾಷೆಯಲ್ಲಿ ಸಮುದ್ರ ಎಂದರ್ಥ. 1946ರಲ್ಲಿ ಎಲ್ಮ್ ಮರದಲ್ಲಿ ಮಾಡಿದ್ದು. ಹೊರಗೆ ಮರದ ಬಣ್ಣ, ಒಳಗಿನ ಟೊಳ್ಳಿಗೆ ತಿಳಿ ಬಣ್ಣ, ಎರಡು ಬಾಗುಗಳ ನಡುವೆ ಬಿಗಿದ ದಾರಗಳು. ತಮ್ಮ ಮನೆಯಿಂದ ಕಾಣುತ್ತಿದ್ದ ಸೇಂಟ್ ಐವ್ಸ್ ಕೊಲ್ಲಿಯ, ಎರಡು ತೋಳು ಚಾಚಿ ನೀರನ್ನು ತಬ್ಬಿದ ನೆಲದ ನೆನಪು ಅದರಲ್ಲಿದೆ. ಅಳಿವೆ ಬಾಗಿಲಿನಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಧನರಾಜ್ ಭಗತ್ (1917-1988) ದೆಹಲಿಯಲ್ಲಿ ಪಾಠ ಹೇಳುತ್ತಾ ಮರದಲ್ಲಿ ಬಹಳ ಕೆಲಸ ಮಾಡಿದರು. ಶಂಖೋ ಚೌಧುರಿ (1916-2006) ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ ಅವರ ಬಳಿ ಕಲಿತು, ಬರೋಡಾದ ಶಿಲ್ಪ ವಿಭಾಗವನ್ನು ಕಟ್ಟಿದರು. ಜೇರಾಮ್ ಪಟೇಲ್ 1960ರ ದಶಕದಲ್ಲಿ ಬೆಂಕಿಯ ಕೊಳವೆಯಿಂದ ಹಲಗೆಗಳನ್ನು ಸುಟ್ಟು ಕೃತಿ ರಚಿಸಿದರು. ಇಂದಿನ ಯುವ ಶಿಲ್ಪಿ ಮರವನ್ನು ಸುಟ್ಟು ಕಪ್ಪಾಗಿಸಿದರೆ ಅದಕ್ಕೂ ಇಲ್ಲೇ ಒಂದು ವಂಶಾವಳಿ ಇದೆ.

ಏಕವ್ಯಕ್ತಿ ಪ್ರದರ್ಶನದ ಭಾರ

ಗುಂಪು ಪ್ರದರ್ಶನದಲ್ಲಿ ಒಂದೆರಡು ಒಳ್ಳೆಯ ಕೃತಿಗಳಿದ್ದರೆ ನಡೆಯುತ್ತದೆ. ಏಕವ್ಯಕ್ತಿ ಪ್ರದರ್ಶನದಲ್ಲಿ ಇಡಿಯ ಕೋಣೆ ಒಬ್ಬರದ್ದೇ. ಕೃತಿಗಳು ಒಂದಕ್ಕೊಂದು ಮಾತನಾಡಬೇಕು, ಒಂದೇ ಮಾತನ್ನು ಹತ್ತು ಸಲ ಆಡಬಾರದು. ಮುಂಬೈಯ ಜಹಾಂಗೀರ್ ಕಲಾ ಗ್ಯಾಲರಿ 1952ರಿಂದ ನಡೆಯುತ್ತಿದೆ. ಅಲ್ಲಿ ಒಂದು ವಾರದ ಅವಕಾಶಕ್ಕೆ ವರ್ಷಗಟ್ಟಲೆ ಕಾಯಬೇಕು.

ಚಿತ್ರಕಾರ ಕ್ಯಾನ್ವಾಸ್ ಸುತ್ತಿ ರೈಲು ಹತ್ತಬಹುದು. ಶಿಲ್ಪಿಯ ಲೆಕ್ಕ ಬೇರೆ. 30 ಸೆಂಟಿಮೀಟರ್ ಅಡ್ಡಳತೆಯ, ಒಂದು ಮೀಟರ್ ಉದ್ದದ ತೇಗದ ದಿಮ್ಮಿ ಸುಮಾರು 45 ಕಿಲೋ ತೂಗುತ್ತದೆ. ಜಾಲಿ, ಹುಣಸೆಯಾದರೆ ಇನ್ನೂ ಹೆಚ್ಚು. ಅರ್ಧ ಕೆತ್ತಿ ತೆಗೆದರೂ ಇಪ್ಪತ್ತು ಶಿಲ್ಪಗಳೆಂದರೆ ಅರ್ಧ ಟನ್ನಿನ ಹತ್ತಿರ. ಅಥಣಿ ಕಡೆಯಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು ದೂರ. ಟೆಂಪೋ ಬಾಡಿಗೆ, ಹೊದಿಕೆ, ಏರಿಸಿ ಇಳಿಸುವ ಕೂಲಿ, ಪೀಠಗಳು, ಬೆಳಕು, ಕರಪತ್ರ, ಗ್ಯಾಲರಿಯ ಬಾಡಿಗೆ, ಕಲಾವಿದ ಉಳಿದುಕೊಳ್ಳುವ ಖರ್ಚು. ಮಾರಾಟವಾಗದ ಕೃತಿಗಳು ಅದೇ ದಾರಿಯಲ್ಲಿ ಅದೇ ಬಾಡಿಗೆ ಕೊಟ್ಟು ಮರಳಬೇಕು. ಈ ವಾಪಸಿನ ಬಾಡಿಗೆಯನ್ನು ಬಜೆಟ್ಟಿನಲ್ಲಿ ಸೇರಿಸಲು ಮೊದಲ ಸಲದವರು ಮರೆಯುವುದುಂಟು.

ಅಮೆರಿಕದ ಲೂಯಿಸ್ ನೆವೆಲ್‌ಸನ್ ಅವರ ಜೀವನ ಇಲ್ಲಿ ನೆನಪಾಗುತ್ತದೆ. ತಂದೆ ಮರದ ವ್ಯಾಪಾರಿ. 1941ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. 1943ರಲ್ಲಿ ಸರ್ಕಸ್ಸನ್ನು ವಸ್ತುವಾಗಿಟ್ಟುಕೊಂಡು ಇನ್ನೊಂದು ಮಾಡಿದರು. ಕೃತಿಗಳು ಮಾರಾಟವಾಗಲಿಲ್ಲ, ಇಡಲು ಜಾಗವೂ ಇರಲಿಲ್ಲ. ಅವುಗಳನ್ನು ತಾವೇ ನಾಶಪಡಿಸಿದರು. ಜನರು ಎಸೆದ ಕುರ್ಚಿಯ ಕಾಲು, ಮೆಟ್ಟಿಲಿನ ಕಟಕಟೆ, ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ, ಎಲ್ಲಕ್ಕೂ ಕಪ್ಪು ಬಣ್ಣ ಬಳಿದು ಅವರು ನಿಲ್ಲಿಸಿದ 'ಆಕಾಶ ಕೆಥೆಡ್ರಲ್' 1958ರದ್ದು. ಇಂದು ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಹೆಮ್ಮೆ. ಮೊದಲ ಪ್ರದರ್ಶನಕ್ಕೂ ಇದಕ್ಕೂ ನಡುವೆ ಹದಿನೇಳು ವರ್ಷ. ಅಷ್ಟು ಕಾಲ ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ನೋಡುವಾಗ

ಉದ್ಘಾಟನೆಯ ದಿನ ಬಿಟ್ಟು ಇನ್ನೊಂದು ದಿನ ಹೋಗುವುದು ಒಳ್ಳೆಯದು. ಮೊದಲು ಕೋಣೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಟ್ಟಿಗೆ ನೋಡಿ. ನಂತರ ನಿಮ್ಮನ್ನು ಸೆಳೆದ ಒಂದೇ ಕೃತಿಯ ಸುತ್ತ ನಿಧಾನವಾಗಿ ಎರಡು ಸುತ್ತು ಹಾಕಿ. ಚಿತ್ರಕ್ಕೆ ಒಂದು ಮುಖ. ಶಿಲ್ಪಕ್ಕೆ ಬೆನ್ನೂ ಇದೆ. ಬೆನ್ನಿನ ಕಡೆ ಕೆಲಸ ನಿಂತುಹೋಗಿದ್ದರೆ ಅದು ಬೇಕೆಂದೇ ಬಿಟ್ಟದ್ದೋ ಸಾಕೆಂದು ಬಿಟ್ಟದ್ದೋ ಯೋಚಿಸಿ. ಮರದ ಎಳೆಗಳು ಯಾವ ಕಡೆ ಹರಿಯುತ್ತಿವೆ, ಶಿಲ್ಪಿ ಅವುಗಳ ಜೊತೆ ಹೋಗಿದ್ದಾನೋ ಎದುರು ಹೋಗಿದ್ದಾನೋ ಗಮನಿಸಿ. ಗಂಟು ಬಂದಲ್ಲಿ ಏನು ಮಾಡಿದ್ದಾನೆ? ಭಾರ ಎಲ್ಲಿ ನಿಂತಿದೆ? ಉಳಿಯ ಗುರುತನ್ನು ಎಲ್ಲಿ ಉಳಿಸಿದ್ದಾನೆ, ಎಲ್ಲಿ ಉಜ್ಜಿ ಅಳಿಸಿದ್ದಾನೆ? ಪೀಠ ಶಿಲ್ಪದ ಭಾಗವೋ ಬರಿಯ ಸ್ಟೂಲೋ? ಮುಟ್ಟುವ ಮುನ್ನ ಕೇಳಿ; ಮರದ ಶಿಲ್ಪಿಗಳು ಅನೇಕರು ಸಂತೋಷದಿಂದ ಒಪ್ಪುತ್ತಾರೆ.

ಅಮೂರ್ತವಾದುದೆಲ್ಲ ಒಳ್ಳೆಯದೆಂದೂ ತಿಳಿಯಬೇಕಾಗಿಲ್ಲ. ಹೊಳೆಯಲ್ಲಿ ತೇಲಿಬಂದ ಬೇರಿಗೆ ವಾರ್ನಿಷ್ ಹಚ್ಚಿ 'ಮೌನ' ಎಂದು ಹೆಸರಿಟ್ಟರೆ ಅದರಲ್ಲಿ ಹೊಳೆಯ ಕೆಲಸವಿದೆಯೇ ಹೊರತು ಶಿಲ್ಪಿಯದ್ದಲ್ಲ. ಎಲ್ಲ ಕೃತಿಗಳೂ ಒಂದೇ ಸಮ ಮಿರಿಮಿರಿ ಮಿನುಗುತ್ತಿದ್ದರೆ ನಮಗೆ ಸಂಶಯವೇ. ದೊಡ್ಡ ದೊಡ್ಡ ಹೆಸರುಗಳಿಗಿಂತ 'ಶೀರ್ಷಿಕೆಯಿಲ್ಲ' ಎಂಬುದು ಹೆಚ್ಚು ಪ್ರಾಮಾಣಿಕ ಎಂದು ನಮ್ಮ ಅನಿಸಿಕೆ.

ಇನ್ನು ಕಲಾವಿದರೊಂದಿಗೆ ಮಾತು. 'ಇದು ಏನು?' ಎಂಬುದರ ಬದಲು 'ಇದು ಯಾವ ಮರ?' ಎಂದು ಕೇಳಿ ನೋಡಿ. ಮರ ಎಲ್ಲಿಂದ ಬಂತು, ಯಾರ ಮನೆಯ ತೊಲೆ, ಎಷ್ಟು ದಿನ ಒಣಗಿತು, ಎಲ್ಲಿ ಸೀಳಿತು ಎಂದು ಮಾತು ತಾನಾಗಿ ಬೆಳೆಯುತ್ತದೆ. ಅಭಿಪ್ರಾಯ ಪುಸ್ತಕದಲ್ಲಿ 'ಚೆನ್ನಾಗಿದೆ, ಶುಭವಾಗಲಿ' ಎಂದಷ್ಟೇ ಬರೆಯದೆ ನೀವು ಹೆಚ್ಚು ಹೊತ್ತು ನಿಂತ ಕೃತಿಯ ಸಂಖ್ಯೆ ಮತ್ತು ಕಾರಣ ಬರೆದರೆ ಅದು ಕಲಾವಿದರಿಗೆ ಮುಂದಿನ ವರ್ಷಗಳಲ್ಲಿ ಕೆಲಸಕ್ಕೆ ಬರುವ ಮಾಹಿತಿ. ಕೊಳ್ಳುವ ಮನಸ್ಸಿದ್ದು ಕೈಯಲ್ಲಿ ಪೂರ್ತಿ ಹಣವಿಲ್ಲದಿದ್ದರೆ ಕಂತು ಕೇಳುವುದರಲ್ಲಿ ನಾಚಿಕೆಯಿಲ್ಲ. ಚೌಕಾಸಿ ಮಾತ್ರ ಬೇಡ. ಮರದ ಬೆಲೆ, ಕೂಲಿ ಎಂದು ಲೆಕ್ಕ ಹಾಕಿ ಹೇಳುವುದು ಬಡಿಗರಿಗೂ ನೋವು ತರುತ್ತದೆ.

ಧರ್ಮಕೇಂದ್ರಗಳ ಜವಾಬ್ದಾರಿ ಹೊತ್ತವರಿಗೆ ಎರಡು ಮಾತು. ವಾಚನಪೀಠ, ಬತ್ತಿಯ ಸ್ತಂಭ, ಜ್ಞಾನಸ್ನಾನ ತೊಟ್ಟಿಯ ಮುಚ್ಚಳ ಇವುಗಳನ್ನು ಕ್ಯಾಟಲಾಗ್ ನೋಡಿ ಫೈಬರಿನಲ್ಲಿ ತರಿಸುವ ಮೊದಲು ಮರದಲ್ಲಿ ಕೆಲಸ ಮಾಡುವ ಯುವ ಶಿಲ್ಪಿಯೊಬ್ಬರನ್ನು ವಿಚಾರಿಸಬಹುದು. ಯಾವ ಒಂದು ಶೈಲಿಯನ್ನೂ ತನ್ನದೇ ಎಂದು ಧರ್ಮಸಭೆ ಕಟ್ಟಿಕೊಂಡಿಲ್ಲ ಎಂಬುದನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಆರಾಧನಾ ವಿಧಿಯ ಸಂವಿಧಾನದಲ್ಲೇ ಸ್ಪಷ್ಟಪಡಿಸಿದೆ. ಎರಡನೆಯದು, ಸಭಾಭವನ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಖಾಲಿ ಇರುವ ಕೋಣೆಯೊಂದನ್ನು ಪ್ರದರ್ಶನದ ನಂತರ ಮಾರಾಟವಾಗದೆ ಉಳಿದ ಶಿಲ್ಪಗಳನ್ನು ಇಡಲು ಕೊಡಬಹುದು. ಹಾಗೆ ಇಡುವಾಗ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಹಲಗೆ ಹಾಕಿ ಇಡಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು. ಪ್ಲಾಸ್ಟಿಕ್ ಹೊದಿಸಿದರೆ ಬೂಷ್ಟು ಹಿಡಿಯುತ್ತದೆ, ಹತ್ತಿಯ ಬಟ್ಟೆ ಸಾಕು. ತಿಂಗಳಿಗೊಮ್ಮೆ ಬುಡದ ಸುತ್ತ ನೋಡಿ. ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಕುಟ್ಟೆಹುಳು ಇದೆ ಎಂದರ್ಥ. ಆ ಒಂದನ್ನು ಕೂಡಲೇ ಬೇರೆ ಇಟ್ಟು ಶಿಲ್ಪಿಗೆ ತಿಳಿಸಬೇಕು.